ವೀಸಾ ಫೋಟೋದಲ್ಲಿ ಒಬ್ಬರೇ ಇರತಕ್ಕದ್ದು

ಒಂಬತ್ತು ವರ್ಷದಿಂದ ನಾನು ಫೋಟೋ ತೆಗೆಸಿಕೊಂಡಿರಲಿಲ್ಲ. ಬೇರೆ ಊರಿನಲ್ಲಿ ಈ ಮಾತು ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ. ನಮ್ಮೂರಿನಲ್ಲಿ ಹೇಳಿದರೆ ಕೇಳಿದವರು ಒಂದು ಕ್ಷಣ ಮುಖ ನೋಡಿ, 'ಓಹೋ' ಎಂದು ಮೆಲ್ಲಗೆ ನಕ್ಕು, ಮಾತು ಬದಲಿಸುತ್ತಾರೆ. ಯಾಕೆಂದರೆ ನಮ್ಮೂರಿನವರು ಕ್ಯಾಮೆರಾದ ಮುಂದೆ ಕೂತಾಗ ಯಾರನ್ನು ನೆನೆಯುತ್ತಾರೋ ಅವರೂ ಫೋಟೋದಲ್ಲಿ ಬಂದುಬಿಡುತ್ತಾರೆ. ಕೂತವರು ನಡುವೆ, ನೆನಪಾದವರು ಪಕ್ಕದಲ್ಲಿ, ಹೆಗಲ ಮೇಲೆ ಕೈ ಹಾಕಿಕೊಂಡೋ ಕೆನ್ನೆಗೆ ಕೆನ್ನೆ ತಾಗಿಸಿಕೊಂಡೋ. ಬೇರೆ ಊರಿಗೆ ಹೋಗಿ ತೆಗೆಸಿದರೂ ಅಷ್ಟೇ. ದೋಷ ಕ್ಯಾಮೆರಾದ್ದಲ್ಲ, ನಮ್ಮದು.

ಇದಕ್ಕೆ ನಾವು ಎಂದೋ ಒಗ್ಗಿಹೋಗಿದ್ದೇವೆ. ನಮ್ಮ ಪ್ರೈಮರಿ ಶಾಲೆಯ ಗ್ರೂಪ್ ಫೋಟೋದಲ್ಲಿ ನಲವತ್ತು ಮಕ್ಕಳ ಜೊತೆ ಮೂವತ್ತೈದು ಅಮ್ಮಂದಿರು, ಮೂರು ನಾಯಿ, ಒಂದು ಮೇಕೆಮರಿ ಇರುತ್ತವೆ. ಅದಕ್ಕೆ ತಕ್ಕಷ್ಟು ದೊಡ್ಡ ಚೌಕಟ್ಟನ್ನು ಮೇಷ್ಟರು ಮೊದಲೇ ಹೇಳಿಟ್ಟಿರುತ್ತಾರೆ. ರೇಷನ್ ಕಾರ್ಡಿನಿಂದ ಹಿಡಿದು ಪಾಸ್‌ಪೋರ್ಟಿನ ತನಕ ನಮ್ಮ ಕಡೆಯ ಕಚೇರಿಗಳಲ್ಲಿ ನಡುವಿನ ಮುಖಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮುದ್ರೆ ಒತ್ತುತ್ತಾರೆ, ಕೆಲಸ ಮುಗಿಯಿತು. ಇನ್ನು ಮರ್ಯಾದೆಯ ವಿಷಯ. ಇನ್ನೊಬ್ಬರ ಫೋಟೋ ಕೈಗೆ ಬಂದರೆ ನಡುವಿನವರನ್ನಷ್ಟೇ ನೋಡಬೇಕು. ಅಂಚಿಗೆ ಕಣ್ಣು ಹಾಯಿಸಬಾರದು, 'ಇವರ್ಯಾರು' ಎಂದಂತೂ ಕೇಳಲೇಬಾರದು. ಕೇಳಿದವನನ್ನು ಊರು ಒಂದು ವಾರ ಮಾತನಾಡಿಸುವುದಿಲ್ಲ.

ನಮಗೆ ಇರುವುದು ಒಂದೇ ಸ್ಟುಡಿಯೋ, ಬುಡನ್ ಸಾಬರ ನೂರ್ ಸ್ಟುಡಿಯೋ. ಸಾಬರು ಫೋಟೋವನ್ನು ಯಾವಾಗಲೂ ಮುಖ ಕೆಳಗೆ ಮಾಡಿ, ಲಕೋಟೆಗೆ ಹಾಕಿ, ಅಂಟು ಹಚ್ಚಿ ಕೊಡುತ್ತಾರೆ. ಇಡೀ ಊರಿನ ಮನಸ್ಸಿನ ವಿಷಯ ಬಲ್ಲ ಮನುಷ್ಯ, ಆದರೆ ನಲವತ್ತು ವರ್ಷದಲ್ಲಿ ಒಂದು ಮಾತು ಆಚೆ ಬಿಟ್ಟವರಲ್ಲ. ಅವರ ಗಾಜಿನ ಕಪಾಟಿನಲ್ಲಿ ಮೂರು ಮದುವೆ ಫೋಟೋಗಳಿವೆ. ಮೂರರಲ್ಲೂ ಗಂಡು ಹೆಣ್ಣು ಇಬ್ಬರೇ. ನೆನೆದವರು ಪಕ್ಕದಲ್ಲೇ ನಿಂತಿದ್ದರೆ ಮತ್ತೊಮ್ಮೆ ಯಾಕೆ ಬರುತ್ತಾರೆ? ಹಾಗೆ ಇಬ್ಬರೇ ಬರಬೇಕೆಂದರೆ ಆ ಕ್ಷಣ ಅವನು ಅವಳನ್ನೂ ಅವಳು ಅವನನ್ನೂ ಬಿಟ್ಟು ಬೇರೆ ಯಾರನ್ನೂ ನೆನೆದಿರಬಾರದು. ನಲವತ್ತು ವರ್ಷದ ಮದುವೆಗಳಲ್ಲಿ ಅಂಥವು ಮೂರು. ಉಳಿದವುಗಳಲ್ಲಿ ತವರಿನ ತಾಯಿ, ಹಳೆಯ ಗೆಳೆಯ, ಅಡುಗೆಯ ಭಟ್ಟರು, ಹೀಗೆ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು, ಮುರಿಗೆಪ್ಪ, ಪದ್ಮನಾಭ ಶೆಟ್ಟರ ಹಾರ್ಮೋನಿಯಂ ರೀಡು ಕಾರ್ಖಾನೆಯ ಗುಮಾಸ್ತ. ವಯಸ್ಸು ನಲವತ್ತಮೂರು, ಮದುವೆ ಇಲ್ಲ. ಕಾಗದ ಪತ್ರ, ಅರ್ಜಿ, ಟೈಪಿಂಗ್ ಎಲ್ಲ ನನ್ನದೇ. ರೀಡು ಎಂದರೆ ಹಾರ್ಮೋನಿಯಂ ಒಳಗೆ ಗಾಳಿ ತಾಗಿದಾಗ ಅದುರಿ ಸ್ವರ ಕೊಡುವ ಹಿತ್ತಾಳೆಯ ಪಟ್ಟಿ. ಮಷೀನು ಅದನ್ನು ಕತ್ತರಿಸಿ ಕೊಡುತ್ತದೆ ಅಷ್ಟೇ, ಸ್ವರ ಕೊಡುವುದು ಮನುಷ್ಯರ ಕೈ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಕೂದಲಿನಷ್ಟು ಹೆಚ್ಚು ಕೆರೆದರೂ ಆ ಪಟ್ಟಿ ಗುಜರಿಗೆ. ನಮ್ಮಲ್ಲಿ ಆ ಕೆಲಸ ಮಾಡುವವರು ದಾಕ್ಷಾಯಿಣಿ. ಮೊದಲು ಅವರ ತಂದೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ, ಎಂಟೂವರೆ ವರ್ಷದ ಹಿಂದೆ, ಅದೇ ಸ್ಟೂಲಿನ ಮೇಲೆ, ಪಟ್ಟಿ ಕೆರೆಯುವ ಅದೇ ಅರ ಹಿಡಿದು ಮಗಳು ಕೂತರು. ಅವರಿಗೂ ಮದುವೆ ಆಗಿರಲಿಲ್ಲ. ಗಂಡಿನ ಕಡೆಯವರಿಗೆ ಕಳಿಸಿದ ಫೋಟೋಗಳಲ್ಲೆಲ್ಲ ಅಪ್ಪ ಅರ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದರಂತೆ. ಹುಡುಗಿಯ ಮನಸ್ಸು ತವರಲ್ಲೇ ಇದೆ ಎಂದು ಬಂದವರೆಲ್ಲ ವಾಪಸು ಹೋದರಂತೆ.

ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವರು ಸ್ವರ ಕೂಡಿಸುತ್ತಾರೆ. ಒಂದು ಪಟ್ಟಿ ಎತ್ತಿ ಗಾಳಿಪೆಟ್ಟಿಗೆಯ ಮೇಲಿಟ್ಟು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ಆ ಎರಡು ಗಂಟೆ ನಾನು ಟೈಪು ಮಾಡುವುದಿಲ್ಲ. ಫೈಲು ಜೋಡಿಸುತ್ತೇನೆ, ಪೆನ್ಸಿಲು ಚೂಪು ಮಾಡುತ್ತೇನೆ, ಮಾಡಿದ ಪೆನ್ಸಿಲನ್ನೇ ಮತ್ತೆ ಚೂಪು ಮಾಡುತ್ತೇನೆ. ಸೋಮಾರಿ ಎಂದು ಯಜಮಾನರು ಎಷ್ಟೋ ಸಲ ಬೈದಿದ್ದಾರೆ. ಇಷ್ಟು ಹೇಳಿದ ಮೇಲೆ ನಾನು ಯಾಕೆ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ ತಾನೆ.

ಆ ವರ್ಷ ಕಡಲಾಚೆಯ ಒಂದು ಊರಿನಿಂದ ಪತ್ರ ಬಂತು. ಅಲ್ಲಿ ವಾದ್ಯಗಳ ದೊಡ್ಡ ಪ್ರದರ್ಶನ. ನಮ್ಮ ರೀಡು ಕೊಳ್ಳುವ ಕಂಪನಿಯವರು ಬರೆದಿದ್ದರು: ಈ ಸಲ ಯಜಮಾನರು ಬೇಡ, ಸ್ವರ ಕೂಡಿಸುವವರನ್ನೇ ಕಳಿಸಿ, ಜನರ ಮುಂದೆ ಕೂತು ಮಾಡಿ ತೋರಿಸಲಿ; ಜೊತೆಗೆ ಮಾತು ತಿಳಿದ ಒಬ್ಬರು ಕಚೇರಿಯವರೂ ಬರಲಿ. ಅಲ್ಲಿಯ ಸಭಾಂಗಣದಲ್ಲಿ ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಹಳೆಯ ಆರ್ಗನ್ ಒಂದಿದೆ ಎಂದು ಚಿತ್ರವನ್ನೂ ಕಳಿಸಿದ್ದರು. ದಾಕ್ಷಾಯಿಣಿಯವರು ಆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು.

"ಅಪ್ಪ ಸಾಯೋವರೆಗೂ ಇದರ ಮಾತೇ ಆಡ್ತಿದ್ರು ಮುರಿಗೆಪ್ಪನೋರೇ. ಇದರೊಳಗೆ ಒಂದು ಸಾಲು ನಮ್ಮಂಥ ಹಿತ್ತಾಳೆ ರೀಡೇ ಇದಾವಂತೆ, ಮೊಳದುದ್ದದವೂ ಇದಾವಂತೆ. ಅವರಿಗೆ ಕೇಳೋಕೆ ಆಗಲೇ ಇಲ್ಲ. ನಾನಾದ್ರೂ ಒಂದ್ಸಲ ಕಿವಿ ಕೊಟ್ಟು ಕೇಳ್ಬೇಕು."

ಅವರು ನನ್ನ ಹತ್ತಿರ ಯಾವತ್ತೂ ಏನನ್ನೂ ಬೇಕು ಎಂದು ಕೇಳಿದವರಲ್ಲ. ಆ ಕ್ಷಣ ನಾನು ನಿರ್ಧಾರ ಮಾಡಿಬಿಟ್ಟೆ, ಆಕಾಶ ಕಳಚಿ ಬಿದ್ದರೂ ಇವರಿಗೆ ವೀಸಾ ಕೊಡಿಸುವುದೇ ಸೈ ಎಂದು. ಕಂಪನಿಯ ಮೂಲಕ ಹಾಕುವ ವ್ಯವಹಾರದ ವೀಸಾ. ಅವರ ಆಹ್ವಾನ ಪತ್ರ, ನಮ್ಮ ಯಜಮಾನರ ಪತ್ರ, ಅರ್ಜಿ, ಪಾಸ್‌ಪೋರ್ಟು, ಎಲ್ಲ ಸೇರಿಸಿ ರಾಜಧಾನಿಯ ವೀಸಾ ಕಚೇರಿಗೆ ಕಳಿಸಬೇಕು. ಯಜಮಾನರ ಪತ್ರವನ್ನು ನಾನೇ ಬರೆದೆ: ಇವರು ಎಂಟೂವರೆ ವರ್ಷದಿಂದ ನಮ್ಮಲ್ಲಿ ಕೆಲಸದಲ್ಲಿದ್ದಾರೆ, ಹನ್ನೆರಡು ದಿನದ ಪ್ರವಾಸ, ಖರ್ಚು ಕಂಪನಿಯದು, ಇವರ ಮೇಜಿನ ಮೇಲೆ ಮುನ್ನೂರ ನಲವತ್ತು ರೀಡು ಕಾದಿರುವುದರಿಂದ ಇವರು ವಾಪಸು ಬಂದೇ ಬರುತ್ತಾರೆ. ಕೊನೆಯ ವಾಕ್ಯವನ್ನು ಎರಡು ಸಲ ಓದಿ ನೋಡಿದೆ. ಎಲ್ಲವೂ ಸರಿಯಾಗಿತ್ತು, ಹದಿನಾಲ್ಕನೆಯ ಕಲಮು ಓದುವ ತನಕ. ಪಾಸ್‌ಪೋರ್ಟಿನ ಕೆಂಪು ಸುತ್ತನ್ನು ಅವರು ಒಪ್ಪುತ್ತಿದ್ದರು, ಆದರೆ ವೀಸಾದ ಮೇಲೆ ಅಂಟಿಸುವ ಫೋಟೋಕ್ಕೆ ಬೇರೆ ನಿಯಮ: ಬಿಳಿಯ ಹಿನ್ನೆಲೆ ಇರತಕ್ಕದ್ದು, ಎರಡೂ ಕಿವಿ ಕಾಣತಕ್ಕದ್ದು, ಒಬ್ಬರೇ ಇರತಕ್ಕದ್ದು.

ಹಾಗಾದರೆ ನಮ್ಮ ಯಜಮಾನರು ಮೂರು ಸಲ ಪರದೇಶಕ್ಕೆ ಹೋಗಿಬಂದದ್ದು ಹೇಗೆ ಎಂದು ಕೇಳಬಹುದು. ಊರಿಗೆಲ್ಲ ಒಬ್ಬರೇ ಬರುವ ಫೋಟೋ ಎಂದರೆ ಪದ್ಮನಾಭ ಶೆಟ್ಟರದು. ಕ್ಯಾಮೆರಾದ ಮುಂದೆ ಕೂತರೆ ಅವರಿಗೆ ತಮ್ಮನ್ನು ಬಿಟ್ಟು ಬೇರೆ ಯಾರೂ ನೆನಪಾಗುವುದಿಲ್ಲ. ಅವರ ಹೆಂಡತಿ ವಿಶಾಲಮ್ಮನವರು ಮೂವತ್ತು ವರ್ಷದಿಂದ ಆ ಫೋಟೋಗಳ ಧೂಳು ಒರೆಸುತ್ತಿದ್ದಾರೆ, ಮಾತನಾಡುವುದಿಲ್ಲ.

ದಾಕ್ಷಾಯಿಣಿಯವರನ್ನು ನೂರ್ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಸಾಬರು ಬಿಳಿ ಪರದೆ ಇಳಿಬಿಟ್ಟು, "ಏನೂ ಯೋಚ್ನೆ ಮಾಡ್ಬೇಡಿ ತಾಯಿ, ತಲೆ ಖಾಲಿ ಇಟ್ಕೊಳ್ಳಿ" ಎಂದರು. ಮೊದಲನೆಯದರಲ್ಲಿ ಅವರ ತಂಗಿಯ ಮಗಳು, ದಡಾರ ಎದ್ದ ಮಗು, ತೊಡೆಯ ಮೇಲೆ ಬಂದು ಕೂತಿತ್ತು. ಎರಡನೆಯದರಲ್ಲಿ ಯಜಮಾನರು, ಬಾಯಿ ತೆರೆದು ಬೈಯುತ್ತ. ಮೂರನೆಯದರಲ್ಲಿ ಯಾರೂ ಕಂಡು ಕೇಳರಿಯದ ಒಬ್ಬ ಟೋಪಿವಾಲ, ದಪ್ಪ ಮೀಸೆ, ಕೈಯಲ್ಲಿ ಮುದ್ರೆ. "ಇವನು ವೀಸಾ ಆಫೀಸರು ಇರ್ಬೇಕು ಕಣ್ರೀ, ಹೀಗೇ ಇರ್ತಾನೆ ಅಂತ ಅಂದ್ಕೊಂಡಿದ್ದೆ" ಎಂದು ಅವರೇ ತೋರಿಸಿ ನಕ್ಕರು. ಅವರಾಗಿಯೇ ತೋರಿಸಿದ್ದರಿಂದ ನಾನೂ ನೋಡಿದೆ, ನಾನೂ ನಕ್ಕೆ. ಸಾಬರು ಟೋಪಿವಾಲನನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಪ್ರಿಂಟು ತೆಗೆದರೆ ಮತ್ತೆ ಹಾಜರು. ಕತ್ತರಿಯಲ್ಲಿ ಕತ್ತರಿಸೋಣವೆಂದರೆ ನೆನಪಾಗಿ ಬಂದವರು ದೂರ ನಿಲ್ಲುವುದಿಲ್ಲವಲ್ಲ, ಅವರನ್ನು ಕತ್ತರಿಸಿದರೆ ನಮ್ಮ ಒಂದು ಕಿವಿಯೂ ಹೋಗುತ್ತದೆ.

ನಾಲ್ಕನೆಯ ಫೋಟೋ ಬಂದಾಗ ದಾಕ್ಷಾಯಿಣಿಯವರು ನೋಡಿದವರೇ ಬೆಚ್ಚಿ ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟರು. ನಗಲಿಲ್ಲ. ಐದನೆಯದೂ ಹಾಗೇ, ಆರನೆಯದೂ ಹಾಗೇ. ಸಾಬರು ಗಂಟಲು ಸರಿಮಾಡಿಕೊಂಡು, "ಇವತ್ತಿಗೆ ಸಾಕು, ಬೆಳಕು ಸರಿ ಇಲ್ಲ" ಎಂದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ಮರ್ಯಾದಸ್ಥನಲ್ಲವೇ, ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತ ನಿಂತೆ. ಯಾರೋ ಇದ್ದಾನೆ, ಮತ್ತೆ ಮತ್ತೆ ಬರುತ್ತಿದ್ದಾನೆ, ಅವರಿಗೆ ತೋರಿಸಲು ಇಷ್ಟವಿಲ್ಲ. ಇಷ್ಟು ತಿಳಿದರೆ ಸಾಕಲ್ಲ.

ಆಮೇಲೆ ನಾಲ್ಕು ದಿನ ಊರೆಲ್ಲ ಉಪದೇಶ ಮಾಡಿತು. ಮಗ್ಗಿ ಹೇಳಿಕೊಳ್ಳಿ ಎಂದರು ಮೇಷ್ಟರು. ಹದಿನೇಳರ ಮಗ್ಗಿ ಹೇಳುವಾಗ ಮೇಷ್ಟರೇ ಫೋಟೋದಲ್ಲಿ ಬಂದರು. ತಂಗಿಯ ಜೊತೆ ನಿಲ್ಲಿಸಿ ನೋಡಿದರು. ತಂಗಿಗೆ ಮಗುವಿನ ದಡಾರ ನೆನಪಾಗಿ ಮಗುವೂ ಬಂತು. ದಾಕ್ಷಾಯಿಣಿಯವರು ಪ್ರತಿದಿನ ಹೊಸ ಹುರುಪಿನಿಂದ ಹೋಗಿ ಸೋತು ಬರುತ್ತಿದ್ದರು. ಶುಕ್ರವಾರ ಬೆಳಿಗ್ಗೆಯ ಬಸ್ಸಿಗೆ ಅರ್ಜಿ ಹೋಗದಿದ್ದರೆ ವೀಸಾ ಸಮಯಕ್ಕೆ ಸಿಗುವುದಿಲ್ಲ. ಮಂಗಳವಾರ ಯಜಮಾನರ ಸಹನೆ ಕೆಟ್ಟಿತು.

"ಯಾರೂ ಬೇಡ, ನಾನೇ ಹೋಗ್ತೀನಿ! ಹೋಗಿ ಏನೋ ಒಂದು ಕೆರೆದು ತೋರಿಸ್ತೀನಿ!"

ಅವರು ಎರಡು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಆ ಕಾಲನ್ನು ಚಾಚಿಕೊಂಡೇ ಆಟೋದಲ್ಲಿ ಸ್ಟುಡಿಯೋಕ್ಕೆ ಬಂದರು. ಎದೆ ಸೆಟೆಸಿ ಕೂತರು. ಪ್ರಿಂಟು ಬಂತು. ನಮ್ಮ ಯಜಮಾನರ ಫೋಟೋದ ಅಂಚು ನೋಡಬಾರದೆಂಬ ಅಭ್ಯಾಸವೇ ನಮಗಿರಲಿಲ್ಲ, ನೋಡಲು ಅಲ್ಲಿ ಏನೂ ಇರುತ್ತಿರಲಿಲ್ಲವಲ್ಲ. ಹಾಗಾಗಿ ಎಲ್ಲರೂ ಬಗ್ಗಿ ನೋಡಿಬಿಟ್ಟೆವು. ಪಕ್ಕದಲ್ಲಿ ವಿಶಾಲಮ್ಮನವರು ರಾಗಿ ಗಂಜಿಯ ಲೋಟ ಹಿಡಿದು ನಿಂತಿದ್ದರು.

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಎರಡು ವಾರದಿಂದ ಇವಳೇ ಕಣಯ್ಯ ಎತ್ತಿ ಕೂರಿಸೋದು, ನೀರು ಹಾಕೋದು..." ಎಂದು ತಪ್ಪು ಮಾಡಿದವರಂತೆ ಗೊಣಗಿದರು. ಆ ಫೋಟೋ ಮನೆಗೆ ಹೋದದ್ದೇ ತಡ, ವಿಶಾಲಮ್ಮನವರು ಊರಿನ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ ಮನೆ ಮನೆಗೆ ಒಯ್ದು ತೋರಿಸಿದರು. "ಅಂಚು ನೋಡ್ರೇ, ಅಂಚು ನೋಡಿ" ಎಂದು ಕೈಹಿಡಿದು ತೋರಿಸಿದರು. ಯಾರೂ ತಪ್ಪು ತಿಳಿಯಲಿಲ್ಲ. ಸಂಜೆ ಕಾರ್ಖಾನೆಗೆಲ್ಲ ಅವರ ಕೈಯ ಹೋಳಿಗೆ ಬಂತು. ಊರಿಗಿದ್ದ ಒಬ್ಬನೇ ಒಬ್ಬ ಒಂಟಿ ಫೋಟೋದ ಮನುಷ್ಯನೂ ಹೀಗೆ ಕೈತಪ್ಪಿಹೋದ.

ಬುಧವಾರ ಯಜಮಾನರು ನನ್ನನ್ನು ಕರೆದರು. ಹೆಂಡತಿಯ ಖುಷಿ ಅವರಿಗೂ ತಗುಲಿ ಮೆತ್ತಗಾಗಿದ್ದರು. "ಮುರಿಗೆಪ್ಪ, ದಾಕ್ಷಾಯಿಣಮ್ಮನ್ನ ಹೇಗಾದ್ರೂ ಕಳಿಸೋಣ. ಆದ್ರೆ ಜೊತೆಗೆ ಹೋಗೋ ಆಫೀಸಿನವನು ನೀನೇ ಕಣಯ್ಯ, ಬೇರೆ ಯಾರಿಗೆ ಆ ಭಾಷೆ ಬರುತ್ತೆ? ನಿನ್ನ ಫೋಟೋ ಎಲ್ಲಿ?"

ಅದನ್ನು ನಾನು ಮರೆತಿದ್ದೆ ಎಂದರೆ ನೀವು ನಂಬಬೇಕು. ಅವರನ್ನು ಕಳಿಸುವ ಗಡಿಬಿಡಿಯಲ್ಲಿ ನನ್ನ ಅರ್ಜಿಯ ಹದಿನಾಲ್ಕನೆಯ ಕಲಮಿನತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಮ್ಮ ಇದ್ದಾರೆ, ನನ್ನ ಕಾಲರು ಸರಿಮಾಡುತ್ತ. ಅದು ಒಂಬತ್ತು ವರ್ಷದ ಹಿಂದಿನದು. ಅಮ್ಮ ಈಗಿಲ್ಲ. ಅಮ್ಮನ ಜಾಗದಲ್ಲಿ ಈಗ ಯಾರು ಬಂದು ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು.

ಮಧ್ಯಾಹ್ನ ಒಬ್ಬನೇ ಸ್ಟುಡಿಯೋಕ್ಕೆ ಹೋದೆ. ಉಪಾಯ ಮಾಡಿಕೊಂಡಿದ್ದೆ: ಯಜಮಾನರನ್ನೇ ಗಟ್ಟಿಯಾಗಿ ನೆನೆಯುವುದು, ಅವರ ಬೋಳುತಲೆ, ಅವರ ಬೈಗುಳ, ಅವರ ಪ್ಲಾಸ್ಟರ್ ಕಾಲು. ಹಲ್ಲು ಕಚ್ಚಿಕೊಂಡು ನೆನೆದೆ. ಬೆವರು ಬಂತು. ಸಾಬರು ಪ್ರಿಂಟನ್ನು ಎಂದಿನಂತೆ ಮುಖ ಕೆಳಗೆ ಮಾಡಿ ಕೊಟ್ಟರು. ತಿರುಗಿಸಿದೆ. ದಾಕ್ಷಾಯಿಣಿ ನನ್ನ ಹೆಗಲಿಗೆ ಮೊಣಕೈ ಊರಿ, ಒಂದು ರೀಡನ್ನು ತುಟಿಯ ಹತ್ತಿರ ಹಿಡಿದು ಧೂಳು ಊದುತ್ತಿದ್ದರು. ಸೆರಗಿನ ತುದಿಯಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಎಷ್ಟು ಚೆನ್ನಾಗಿದ್ದರು ಎಂದರೆ ನನಗೆ ಅಳು ಬಂತು. ನಾಲ್ಕು ಸಲ ತೆಗೆಸಿದೆ, ನಾಲ್ಕರಲ್ಲೂ ಅವರೇ. ಕೊನೆಯದರಲ್ಲಂತೂ ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೆ ವಾಲಿಸಿ ನನ್ನ ಎದೆಗೆ ಕಿವಿ ಇಟ್ಟಿದ್ದರು. ಸಾಬರು ನನ್ನನ್ನು ನೋಡಿದರು, ಮೇಲೆ ಸೂರು ನೋಡಿದರು, ಏನೋ ಹೇಳಲು ಬಾಯಿ ತೆರೆದು, ನಲವತ್ತು ವರ್ಷದ ವ್ರತ ನೆನಪಾಗಿ ಮುಚ್ಚಿಕೊಂಡರು.

ಗುರುವಾರ ಬೆಳಿಗ್ಗೆ ಯಜಮಾನರ ಮೇಜಿನ ಮೇಲೆ ಚೀಟಿ ಇಟ್ಟೆ: ನನಗೆ ಹೊಟ್ಟೆಯ ತೊಂದರೆ, ಪ್ರಯಾಣ ಆಗುವುದಿಲ್ಲ, ಭಾಷೆ ಬಲ್ಲ ಬೇರೆ ಯಾರನ್ನಾದರೂ ಪಟ್ಟಣದಿಂದ ಗೊತ್ತುಮಾಡುವುದು. ವಿಷಯ ಕಾರ್ಖಾನೆಯಲ್ಲಿ ಹರಡಲು ಹತ್ತು ನಿಮಿಷ ಸಾಕಾಯಿತು. ಹತ್ತೂಕಾಲಿಗೆ, ಸ್ವರ ಕೂಡಿಸುವ ಹೊತ್ತಿನಲ್ಲಿ, ದಾಕ್ಷಾಯಿಣಿಯವರು ಅರ ಹಿಡಿದುಕೊಂಡೇ ನನ್ನ ಮೇಜಿನ ಮುಂದೆ ಬಂದು ನಿಂತರು.

"ಹೊಟ್ಟೆಗೆ ಏನಾಗಿದೆ?"

"ಏನೋ ಸ್ವಲ್ಪ ನೋವು."

"ನಿನ್ನೆ ಸಂಜೆ ಬೋಂಡಾ ತಿಂತಿದ್ರಿ. ನಾನೇ ನೋಡಿದೆ."

ನಾನು ಪೆನ್ಸಿಲು ಚೂಪು ಮಾಡತೊಡಗಿದೆ.

"ನೀವು ಬರದಿದ್ರೆ ನಾನೂ ಹೋಗಲ್ಲ" ಎಂದರು.

"ಹಾಗನ್ಬೇಡಿ. ನೀವು ಆ ಆರ್ಗನ್ ಕೇಳ್ಬೇಕು. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು?"

"ನನಗೆ ಕಿವಿ ಇದೆ ಮುರಿಗೆಪ್ಪನೋರೇ." ಅವರ ಧ್ವನಿ ತಗ್ಗಿತು. "ಎಂಟೂವರೆ ವರ್ಷ ಹತ್ತರಿಂದ ಹನ್ನೆರಡರವರೆಗೆ ನಿಮ್ಮ ಟೈಪ್ ಮಷೀನು ಸದ್ದು ಮಾಡಿಲ್ಲ. ಒಂದು ದಿನಾನೂ ಮಾಡಿಲ್ಲ. ಅದೆಲ್ಲ ನನಗೆ ಕೇಳಿಸಲ್ಲ ಅಂದ್ಕೊಂಡ್ರಾ?"

ನನ್ನ ಕೈಯ ಪೆನ್ಸಿಲು ಮುರಿಯಿತು. ಅವರು ಯಾರನ್ನು ಮುಖ ಕೆಳಗೆ ಮಾಡಿ ಇಡುತ್ತಿದ್ದರೋ ಅವನು ನನ್ನ ಮತ್ತು ಆ ಮಾತಿನ ನಡುವೆ ಗೋಡೆಯಂತೆ ನಿಂತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಬುಡನ್ ಸಾಬರು ಕಾಣಿಸಿಕೊಂಡರು. ಕ್ಯಾಮೆರಾ ಇಲ್ಲದೆ ಅವರು ಅಂಗಡಿ ಬಿಟ್ಟು ಹೊರಗೆ ಬಂದದ್ದನ್ನು ನಾವು ಯಾರೂ ನೋಡಿದ್ದೇ ಇಲ್ಲ. ತಲೆಯ ಟೋಪಿ ಓರೆಯಾಗಿತ್ತು, ಏದುಸಿರು ಬಿಡುತ್ತಿದ್ದರು.

"ಗುಮಾಸ್ತ ಸಾಹೇಬ್ರೆ, ತಾಯಿ, ಇಬ್ಬರೂ ಸ್ಟುಡಿಯೋಕ್ಕೆ ಬನ್ನಿ. ಈಗಲೇ. ಒಟ್ಟಿಗೆ."

"ಯಾಕೆ ಸಾಬ್ರೆ?"

"ಯಾಕೆ ಅಂತ ನಾನು ಬಾಯಿ ಬಿಡೋ ಹಾಗಿಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ನಲವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದೀನಿ, ಇವತ್ತು ಎಲ್ಲಿ ಬಿಚ್ಚಿಹೋಗುತ್ತೋ ಅಂತ ಹೆದರಿಕೆ. ದಯವಿಟ್ಟು ಬನ್ನಿ, ಒಂದೇ ಒಂದು ಫೋಟೋ ತೆಗೀತೀನಿ."

ಹೋದೆವು. ಸಾಬರು ಬಿಳಿ ಪರದೆಯ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿದರು. ನಡುವೆ ತಮ್ಮ ಕೈಯಿಟ್ಟು ಒಂದು ಗೇಣು ಅಳೆದರು. "ಇಷ್ಟು ಜಾಗ ಬಿಡಿ. ಕತ್ತರಿಗೆ ಜಾಗ ಬೇಕು" ಎಂದರು. ಆಗ ನನಗೆ ಅರ್ಥವಾಯಿತು. ಇಬ್ಬರು ನಿಂತು ಇಬ್ಬರೇ ಬಂದರೆ ನಡುವೆ ಕತ್ತರಿಸಬಹುದು. ಅವರಿಗೊಂದು, ನನಗೊಂದು, ಕಿವಿಗಳೆಲ್ಲ ಜಾಗದಲ್ಲೇ ಇರುತ್ತವೆ. ಆದರೆ ಮೂರನೆಯವನು ಬಂದರೆ? ನನ್ನ ಕಡೆಯಿಂದ ಯಾರೂ ಬರುವುದಿಲ್ಲ, ನಾನು ನೆನೆಯುವವರು ಒಂದು ಗೇಣು ದೂರದಲ್ಲಿ ನಿಂತಿದ್ದಾರೆ. ಅವರ ಕಡೆಯಿಂದ ಬರುವವನನ್ನು ಇವತ್ತು ಕ್ಯಾಲೆಂಡರು ನೋಡಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದು ನನ್ನ ಫೋಟೋ ಕೂಡ.

"ತಲೆ ಖಾಲಿ ಇಟ್ಕೊಳ್ಳಲಾ ಸಾಬ್ರೆ?" ದಾಕ್ಷಾಯಿಣಿ ಕೇಳಿದರು.

"ಬೇಡಿ ತಾಯಿ. ಇವತ್ತು ಚೆನ್ನಾಗಿ ಯೋಚ್ನೆ ಮಾಡಿ. ಎಷ್ಟು ಬೇಕೋ ಅಷ್ಟು ಮಾಡಿ."

ದೀಪ ಒಮ್ಮೆ ಮಿಂಚಿತು. ಪ್ರಿಂಟರು ಗೊರಗೊರ ಎಂದಿತು. ಕಾಗದ ತಲೆಯ ಕಡೆಯಿಂದ ನಿಧಾನವಾಗಿ ಹೊರಬರತೊಡಗಿತು. ಮೊದಲು ಬರೀ ಬಿಳುಪು. ಆಮೇಲೆ ನನ್ನ ತಲೆ, ನಾನು ಎತ್ತರ. ಆಮೇಲೆ ಅವರ ಬೈತಲೆ, ಮುಡಿದಿದ್ದ ಕನಕಾಂಬರ. ನಾನು ಉಸಿರು ಹಿಡಿದು ಅವರ ಪಕ್ಕದ ಬಿಳಿಯ ಜಾಗವನ್ನು ನೋಡುತ್ತ ನಿಂತೆ. ಕುಳ್ಳನಿರಬಹುದು, ಇನ್ನೂ ಬರಬಹುದು ಎಂದುಕೊಂಡೆ. ಅವರ ಹಣೆ ಬಂತು, ಕಣ್ಣು ಬಂತು, ಹೆಗಲು ಬಂತು. ಕಾಗದ ಪೂರ್ತಿ ಹೊರಬಿದ್ದು ತಟ್ಟೆಯ ಮೇಲೆ ಮಲಗಿತು. ಇಬ್ಬರು. ಇಬ್ಬರೇ. ನಡುವೆ ಒಂದು ಗೇಣು ಖಾಲಿ ಬಿಳುಪು.

ಸಾಬರು ಮೂಗು ಒರೆಸಿಕೊಂಡು ಕತ್ತರಿ ಹುಡುಕಲು ಆ ಕಡೆ ತಿರುಗಿದರು. ದಾಕ್ಷಾಯಿಣಿ ಚೀಲದಿಂದ ಮೂರು ಫೋಟೋ ತೆಗೆದು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಟ್ಟರು. ನಾಲ್ಕನೆಯದು, ಐದನೆಯದು, ಆರನೆಯದು. ಮೂರರಲ್ಲೂ ಅವರ ಪಕ್ಕದಲ್ಲಿ ನಾನಿದ್ದೆ, ಪೆನ್ಸಿಲು ಚೂಪು ಮಾಡುತ್ತ, ಗಂಭೀರವಾಗಿ, ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇಲ್ಲವೇನೋ ಎಂಬಂತೆ.

"ನೀವು ನೋಡ್ತೀರೇನೋ ಅಂತ ಕಾದೆ. ನೀವು ಕ್ಯಾಲೆಂಡರ್ ನೋಡ್ತಾ ನಿಂತ್ರಿ" ಎಂದರು.

"ಮರ್ಯಾದೆ ಅಂತ..."

"ಸುಡಲಿ ನಿಮ್ಮ ಮರ್ಯಾದೆ" ಎಂದು ನಕ್ಕುಬಿಟ್ಟರು. ನಾನೂ ನನ್ನ ಜೇಬಿನಿಂದ ನಾಲ್ಕು ತೆಗೆದಿಟ್ಟೆ. ಅವರು ಒಂದೊಂದನ್ನೇ ಎತ್ತಿ ನೋಡಿದರು. ಕೊನೆಯದನ್ನು, ನನ್ನ ಎದೆಗೆ ಕಿವಿಯಿಟ್ಟದ್ದನ್ನು, ಬಹಳ ಹೊತ್ತು ನೋಡಿ ಕೆನ್ನೆ ಕೆಂಪಗೆ ಮಾಡಿಕೊಂಡು ಚೀಲಕ್ಕೆ ಹಾಕಿಕೊಂಡರು, ನನ್ನನ್ನು ಕೇಳಲೂ ಇಲ್ಲ. ಸಾಬರು ಕತ್ತರಿ ಹಿಡಿದು ಬಂದು, ನಮ್ಮಿಬ್ಬರ ಫೋಟೋ ಎತ್ತಿ, ನಡುವಿನ ಬಿಳುಪಿಗೆ ಗುರಿಯಿಟ್ಟರು.

"ನಿಲ್ಲಿ ಸಾಬ್ರೆ" ದಾಕ್ಷಾಯಿಣಿ ಅವರ ಕೈ ಹಿಡಿದರು. "ಕತ್ತರಿಸೋ ಮುಂಚೆ ಇನ್ನೊಂದು ಪ್ರತಿ ತೆಗೀರಿ. ದೊಡ್ಡದು."

ಆ ದೊಡ್ಡದು ಈಗ ನೂರ್ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ನಾಲ್ಕನೆಯದಾಗಿ ಕೂತಿದೆ. ಮದುವೆಗೆ ಮೊದಲೇ ಅಲ್ಲಿ ಏರಿದ ಫೋಟೋ ಅದೊಂದೇ. ಕತ್ತರಿಸಿದ ಎರಡು ತುಂಡು ಶುಕ್ರವಾರದ ಬಸ್ಸಿನಲ್ಲಿ ಹೋದವು, ಹತ್ತೊಂಬತ್ತನೆಯ ದಿನ ಇಬ್ಬರ ವೀಸಾವೂ ಬಂತು. ಹೊರಡುವುದರೊಳಗೆ ಮದುವೆ ಮಾಡಿಬಿಡೋಣ ಎಂದು ವಿಶಾಲಮ್ಮನವರು ಹಟ ಹಿಡಿದರು. ಅರ್ಜಿಯಲ್ಲಿ ಇಬ್ಬರೂ ಅವಿವಾಹಿತರು ಎಂದು ಬರೆದಾಗಿದೆ, ಈಗ ಮದುವೆಯಾದರೆ ಎಲ್ಲ ಮತ್ತೆ ತುಂಬಬೇಕಾಗುತ್ತದೆ, ಮತ್ತೆ ಫೋಟೋ ಎಂದು ನಾನು ತಿಳಿಸಿ ಹೇಳಿದ ಮೇಲೆ ನಾವು ವಾಪಸು ಬಂದ ಮರುವಾರಕ್ಕೆ ಮುಹೂರ್ತ ಇಟ್ಟರು. ಚಪ್ಪರಕ್ಕೆ ತೆಂಗಿನ ಗರಿ ಎಷ್ಟು ಬೇಕು ಎಂಬ ಪಟ್ಟಿ ನಾವು ವಿಮಾನ ಹತ್ತುವ ಮೊದಲೇ ತಯಾರಾಗಿತ್ತು.

ಪ್ರದರ್ಶನದಲ್ಲಿ ದಾಕ್ಷಾಯಿಣಿ ಮೂರು ದಿನ ಜನರ ಮುಂದೆ ಕೂತು ಸ್ವರ ಕೂಡಿಸಿದಳು. (ಏಕವಚನದಲ್ಲೇ ಹೇಳಬೇಕಂತೆ, ಅವಳದೇ ಅಪ್ಪಣೆ.) ಒಂದೂ ಪಟ್ಟಿ ಹಾಳಾಗಲಿಲ್ಲ. ಅಷ್ಟು ಜನ ನಿಂತಿದ್ದರೂ ಒಬ್ಬರೂ ಕೆಮ್ಮಲಿಲ್ಲ. ನಾನು ಅಭ್ಯಾಸ ಬಲದಿಂದ ಪಕ್ಕದಲ್ಲಿ ಪೆನ್ಸಿಲು ಚೂಪು ಮಾಡುತ್ತ ಕೂತಿದ್ದೆ. ಕೊನೆಯ ದಿನ ಅವಳಿಗಾಗಿ ಆ ಆರ್ಗನ್ ನುಡಿಸಿದರು. ಮಂದ್ರದ ಒಂದು ಸ್ವರ ಹಿಡಿದಾಗ ಕಾಲ ಕೆಳಗಿನ ಹಲಗೆ ಅದುರಿತು. ದಾಕ್ಷಾಯಿಣಿ ಹತ್ತಿರ ಹೋಗಿ ಮರದ ಮೈಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು, ನಗುತ್ತಲೇ ಅತ್ತಳು.

ಆಮೇಲೆ ಅಲ್ಲಿಯ ಮೇಲ್ವಿಚಾರಕಿ, ನೆನಪಿಗೆ ಇರಲೆಂದು, ಆರ್ಗನ್ನಿನ ಮುಂದೆ ನಮ್ಮಿಬ್ಬರನ್ನು ನಿಲ್ಲಿಸಿ, ಅಲ್ಲೇ ಪ್ರಿಂಟು ಕೊಡುವ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದರು. ಬೇಡ ಎನ್ನುವಷ್ಟರಲ್ಲಿ ತೆಗೆದೇಬಿಟ್ಟಿದ್ದರು. ಊರು ಬಿಟ್ಟು ಹನ್ನೊಂದು ದಿನವಾಗಿತ್ತು, ಆರ್ಗನ್ ಕೇಳಿ ಮನಸ್ಸು ತುಂಬಿತ್ತು, ಒಬ್ಬಿಬ್ಬರ ನೆನಪಿಗೇ ಮನಸ್ಸು ನಿಲ್ಲುವುದು ಸಾಧ್ಯವಿತ್ತೇ? ಪ್ರಿಂಟು ಬಂದಾಗ ಯಜಮಾನರು ಪ್ಲಾಸ್ಟರ್ ಕಾಲು ಚಾಚಿಕೊಂಡು ಮುಂದೆಯೇ ಕೂತಿದ್ದರು. ವಿಶಾಲಮ್ಮನವರು ಗಂಜಿಯ ಲೋಟದೊಂದಿಗೆ ಹಾಜರು. ಸಾಬರು ಕತ್ತರಿ ಹಿಡಿದು, ಅವಳ ತಂಗಿ ಮಗುವನ್ನು ಎತ್ತಿಕೊಂಡು, ಮೇಷ್ಟರು ಕೈಕಟ್ಟಿಕೊಂಡು. ನನ್ನ ಅಮ್ಮ ನನ್ನನ್ನು ಬಿಟ್ಟು ದಾಕ್ಷಾಯಿಣಿಯ ಸೆರಗು ಸರಿಮಾಡುತ್ತಿದ್ದರು. ಹಿಂದೆ, ಆರ್ಗನ್ನಿಗೆ ಒತ್ತಿಕೊಂಡು, ಅವಳ ಅಪ್ಪ ಅರವನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಮರದ ಮೈಗೆ ಕಿವಿಯಿಟ್ಟು ಕೇಳುತ್ತಿದ್ದರು.

ಮೇಲ್ವಿಚಾರಕಿ ಬೆರಳು ಮಡಿಸುತ್ತ ಎಣಿಸಿದರು. ಖಾಲಿ ಸಭಾಂಗಣವನ್ನು ನೋಡಿದರು, ಮತ್ತೆ ಎಣಿಸಿದರು, ಬಿಳಿಚಿಕೊಂಡ ಮುಖದಲ್ಲಿ ನನ್ನನ್ನು ಏನೋ ಕೇಳಿದರು.

"ಏನಂತೆ?" ಎಂದಳು ದಾಕ್ಷಾಯಿಣಿ.

"ಇವರಿಗೆಲ್ಲ ವೀಸಾ ಕೊಟ್ಟೋರು ಯಾರು ಅಂತ ಕೇಳ್ತಿದಾರೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದು, ಫೋಟೋವನ್ನು ಆರ್ಗನ್ನಿನ ಮೈಗೆ ಒತ್ತಿಹಿಡಿದು, ನಡುವೆ ನಿಂತ ನಮ್ಮಿಬ್ಬರಿಗೂ ಸೇರಿಸಿ ಒಂದೇ ಸುತ್ತು ಹಾಕಿ ಆಕೆಯ ಕೈಗೆ ಕೊಟ್ಟಳು.